ಮಿಗಿಸಿಟ್ಟ ಜಾಗ

ಮನುಷ್ಯನಿಗೆ ಎಂದೂ ಸಾಲದ ವಸ್ತುಗಳಲ್ಲಿ ಮೊದಲನೆಯದು ಹಣವಾದರೆ, ಎರಡನೆಯದು ಜಾಗವೆಂದು ಧಾರಾಳವಾಗಿ ಹೇಳಬಹುದು. ಹೊಸ ಮನೆಯ ಅಟ್ಟವಾದರೂ ವರ್ಷದೊಳಗೆ ತುಂಬಿಹೋಗುತ್ತದೆ. ಕಂಪ್ಯೂಟರಿನ ಅಟ್ಟಕ್ಕೂ ಇದೇ ಗತಿಯೆಂಬುದು ಕನ್ನಡ ಎಂ.ಎ. ಓದಿದ ನನಗೆ ತಿಳಿದದ್ದು, ಕಾಲೇಜಿನ ಸರ್ವರಿನ ಯೋಗಕ್ಷೇಮ ನನ್ನ ಪಾಲಿಗೆ ಬಂದ ಮೇಲೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹಳ್ಳಿಗಳಲ್ಲಿ ವಿದ್ಯಾರ್ಥಿಗಳೊಡನೆ ಅಲೆದು ಧ್ವನಿಮುದ್ರಿಸಿದ ಕುಂದಗನ್ನಡದ ಕತೆಗಳೂ ಹಾಡುಗಳೂ ಅದರಲ್ಲಿದ್ದುವು. “ನಿಮ್ಮ ಅಜ್ಜಿಯರ ಹೊರೆಯನ್ನು ನೀವೇ ಹೊರಿ” ಎಂದರು ಸಹೋದ್ಯೋಗಿಗಳು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಎಂಬವರು ಹುಟ್ಟುಹಾಕಿದ ಯೂನಿಕ್ಸ್ ಬಹಳ ಮಿತಭಾಷಿ. ನಮ್ಮ ಸರ್ವರಿನ ಲಿನಕ್ಸ್ ಕೂಡ ಅದೇ ಮನೆತನದ ನಡೆನುಡಿಯದು. ‘ಡಿಎಫ್’ ಎಂದರೆ ಯಾವ ಕೋಣೆ ಎಷ್ಟು ತುಂಬಿದೆಯೆಂದೂ, ‘ಡಿಯು’ ಎಂದರೆ ಯಾವ ಸಾಮಾನು ಎಷ್ಟು ಜಾಗ ತಿಂದಿದೆಯೆಂದೂ ಹೇಳುತ್ತದೆ. ಒಂದು ಮಳೆಗಾಲದ ಸಂಜೆ ‘ಡಿಎಫ್’ ನೂರಕ್ಕೆ ನೂರು ತೋರಿಸಿತು. ನನ್ನ ವಿದ್ಯಾರ್ಥಿಗಳಿಗೆ ಎಂದೂ ದಕ್ಕದ ಅಂಕ!

“ಹಳೆಯ ಧ್ವನಿಗಳನ್ನು ಅಳಿಸಿದರಾಯಿತು, ಸಾರ್” ಎಂದನು ಸಹಾಯಕ್ಕೆ ಬಂದ ತರುಣ. ಅಳಿಸುವ ಆಜ್ಞೆ ‘ಆರ್‌ಎಂ’. ಎರಡೇ ಅಕ್ಷರ, ಕಸದ ಬುಟ್ಟಿಯೂ ಇಲ್ಲ. ಆದರೆ ಆ ಹಳೆಯ ಧ್ವನಿಗಳಲ್ಲಿ ಬೈಂದೂರಿನ ಕಡೆಯ ಅಜ್ಜಿಯೊಬ್ಬರದೂ ಇತ್ತು. ಅವರು ತೀರಿಕೊಂಡು ವರ್ಷವಾಗಿತ್ತು, ಬೇರೆ ಪ್ರತಿಯಿರಲಿಲ್ಲ. ನಾನು ಒಪ್ಪಲಿಲ್ಲ.

‘ಡಿಯು’ವನ್ನು ಕೇಳಿದಾಗ ನಿಜವಾದ ಹೊಟ್ಟೆಬಾಕ ಸಿಕ್ಕಿದ: ಸರ್ವರ್ ತಾನೇ ಬರೆದುಕೊಳ್ಳುತ್ತಿದ್ದ ದಿನಚರಿ, ಲಾಗ್! ತರುಣನು ಅದನ್ನು ಅಳಿಸಿದರೂ ‘ಡಿಎಫ್’ ಕದಲಲಿಲ್ಲ. ಯೂನಿಕ್ಸಿನಲ್ಲಿ ಕಡತದ ಹೆಸರು ಅಳಿದರೂ, ಯಾವುದಾದರೊಂದು ಪ್ರೋಗ್ರಾಮು ಅದನ್ನು ತೆರೆದು ಹಿಡಿದಿರುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ನಿವೃತ್ತರಾದರೂ ಕುರ್ಚಿ ಬಿಡದವರನ್ನು ಕಂಡ ನಮಗೆ ಇದು ಸೋಜಿಗವಲ್ಲ. ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಹೊರಡಿಸಿದ ಮೇಲೆ ತುಸು ಉಸಿರಾಡುವಂತಾಯಿತು.

ಶಾಶ್ವತ ಪರಿಹಾರ ಬೇರೆಯೇ ಇತ್ತು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಗಂಗೊಳ್ಳಿಯಲ್ಲಿ ಪಂಚಗಂಗಾವಳಿಯಾದ ಮೇಲೆ, ಬೊಗಸೆಯಲ್ಲಿರುವ ನೀರು ಯಾವ ನದಿಯದೆಂದು ಯಾರು ಹೇಳಬಲ್ಲರು? ಹಾಗೆಯೇ ಹಲವು ಡಿಸ್ಕುಗಳನ್ನು ಸೇರಿಸಿದ ಸಂಗಮ ವಾಲ್ಯೂಮ್ ಗ್ರೂಪ್. ಅದರಿಂದ ಅಳೆದುಕೊಟ್ಟ ಪಾಲು ಲಾಜಿಕಲ್ ವಾಲ್ಯೂಮ್. ಉಡುಪಿಯಿಂದ ಬ್ರಹ್ಮಾವರವೂ ಕುಂದಾಪುರದಿಂದ ಬೈಂದೂರೂ 2018ರಲ್ಲಿ ಬೇರೆ ತಾಲೂಕುಗಳಾದಾಗ ನೆಲವೇನೂ ಕದಲಲಿಲ್ಲ, ಗಡಿ ಮಾತ್ರ ಬದಲಾಯಿತು. ಲಾಜಿಕಲ್ ವಾಲ್ಯೂಮಿನ ಗಡಿಯೂ ಅಂಥದೇ.

ಹೊಸದೊಂದು ಡಿಸ್ಕನ್ನು ಸಂಗಮಕ್ಕೆ ಸೇರಿಸಿ ನಮ್ಮ ಪಾಲನ್ನು ಹಿಗ್ಗಿಸಿದೆವು. ಅನಂತರ ಫೈಲ್ ಸಿಸ್ಟಮನ್ನೂ ಹಿಗ್ಗಿಸಿದೆವು. ಎರಡನೆಯ ಕೆಲಸ ಬಿಟ್ಟರೆ ಗೋಡೆ ಸರಿದರೂ ನೆಲ ಹಾಸಿದಂತಾಗುವುದಿಲ್ಲ. ಇಷ್ಟೆಲ್ಲ ನಡೆದರೂ ಸರ್ವರ್ ನಿಲ್ಲಲಿಲ್ಲ. ಆದರೆ ಹಿಗ್ಗಿಸುವಷ್ಟು ಸುಲಭವಲ್ಲ ಕುಗ್ಗಿಸುವುದು: ಎಕ್ಸ್ಟ್4 ಆದರೆ ಮೊದಲು ಬಳಕೆಯಿಂದ ಕಳಚಬೇಕು. ಆದುದರಿಂದ ಬಲ್ಲವರು ಇರುವುದನ್ನೆಲ್ಲ ಮೊದಲೇ ಹಂಚದೆ, ತುಸು ಜಾಗವನ್ನು ಸಂಗಮದಲ್ಲಿಯೇ ಮಿಗಿಸಿಡುತ್ತಾರೆ. ಸಂಸಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಾಗವಾದರೆ ಭದ್ರತೆಯಾಯಿತೆಂದಲ್ಲ. ಎರಡು ಡಿಸ್ಕುಗಳ ಮೇಲೆ ಹಬ್ಬಿದ ವಾಲ್ಯೂಮಿಗೆ, ಒಂದು ಕೆಟ್ಟರೂ ಕುತ್ತು ತಪ್ಪಿದ್ದಲ್ಲ. ಅದಕ್ಕಾಗಿ ಎಲ್ಲ ಧ್ವನಿಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು ಬೇರೆ ಕಟ್ಟಡದಲ್ಲಿಟ್ಟೆವು. ಆ ಅಜ್ಜಿಯ ಒಂದು ಗಂಟೆಯ ಮಾತು ಸುಮಾರು 600 ಎಂಬಿ. ಅದರ ಪ್ರತಿಯನ್ನು ಅವರ ಮನೆಗೂ ಕೊಂಡೊಯ್ದೆ. ಹೆಬ್ಬೆರಳಿನಷ್ಟಿದ್ದ ಪೆನ್‌ಡ್ರೈವನ್ನು ಮೊಮ್ಮಗಳು ಅಂಗೈಯಲ್ಲಿಟ್ಟುಕೊಂಡು ಕೇಳಿದಳು: “ಅಜ್ಜಿಗೆ ಇಷ್ಟೇ ಜಾಗ ಸಾಕಾ?”