ಕಪ್ಪತಗುಡ್ಡದ ಪಟ್ಟೆ ಕಲ್ಲು

ಸೋದರಿಯರೇ, ಗದಗ-ಬೆಟಗೇರಿಯಿಂದ ಡಂಬಳಕ್ಕೆ ಎಂದಾದರೂ ಹೋಗಿದ್ದೀರಾ? ದೊಡ್ಡಬಸಪ್ಪನ ಗುಡಿ ನೋಡಿಕೊಂಡು ಡೋಣಿಯ ಕಡೆ ತಿರುಗಿದರೆ ಕಪ್ಪತಗುಡ್ಡದ ಸಾಲು ಎದುರಿಗೇ ನಿಲ್ಲುತ್ತದೆ. ಮುಂಡರಗಿ, ಶಿರಹಟ್ಟಿಯವರಿಗಂತೂ ಇದು ಮನೆಯ ಗುಡ್ಡ, ಲಕ್ಷ್ಮೇಶ್ವರದವರಿಗೂ ದೂರವೇನಲ್ಲ. ಇಲ್ಲಿಯ ಗಿಡಮೂಲಿಕೆಯ ಹೆಸರು ಎಲ್ಲರೂ ಬಲ್ಲರು. ಕಲ್ಲನ್ನು ಮಾತ್ರ ಯಾರೂ ಮಾತನಾಡಿಸುವುದಿಲ್ಲ.

ಕಳೆದ ಶ್ರಾವಣದಲ್ಲಿ ಹೋದಾಗ ತಂಗಿಯ ಮಗಳು ಹೊಲದ ಬದುವಿನಲ್ಲಿ ಒಂದು ಕಲ್ಲೆತ್ತಿ, "ದೊಡ್ಡವ್ವಾ, ಇದೇನ್ ಇಷ್ಟು ವಜ್ಜಾ ಐತಿ! ಸೀರಿಗೆ ಇದ್ದಂಗ ಪಟ್ಟಿ ಬ್ಯಾರೆ ಅದಾವ!" ಅಂದಳು. ನಿಜವೇ. ಒಂದು ಪಟ್ಟೆ ಕೆಂಪು-ಕಪ್ಪು, ಇನ್ನೊಂದು ಬಿಳಿ-ಬೂದು. ಕೆಂಪು-ಕಪ್ಪಿನದು ಕಬ್ಬಿಣ, ಬಿಳಿಯದು ಬೆಣಚಿನ ಜಾತಿಯ ಕಲ್ಲು.

ಈ ಪಟ್ಟೆ ನೇಯ್ದದ್ದು ನೀರು. 250 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಸಮುದ್ರವಿತ್ತು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಕಬ್ಬಿಣ ನೀರಿನಲ್ಲಿ ಉಪ್ಪಿನಂತೆ ಕರಗಿತ್ತು. ಕಣ್ಣಿಗೆ ಕಾಣದ ಜೀವಿಗಳು ಬಿಸಿಲುಂಡು ಆಮ್ಲಜನಕ ಬಿಟ್ಟಾಗ ಕಬ್ಬಿಣ ತುಕ್ಕಾಗಿ ತಳಕ್ಕಿಳಿಯಿತೆಂದು ಬಲ್ಲವರು ಹೇಳುತ್ತಾರೆ. ಕೊಳವೆಬಾವಿಯ ನೀರು ಕೊಡದಲ್ಲಿ ನಿಂತರೆ ತಳದಲ್ಲಿ ಕೆಂಪು ಗಸಿ ಕೂಡುವುದಿಲ್ಲವೇ? ಹಾಗೆಯೇ. ಅದರ ಮೇಲೊಂದು ಬಿಳಿ ಪದರ, ಮತ್ತೆ ಕೆಂಪು. ಕಾಲಾಂತರದಲ್ಲಿ ಒತ್ತಿ, ಮಡಿಚಿ, ಗಟ್ಟಿಯಾಗಿ ಗುಡ್ಡವಾಯಿತು.

ಗುರುತಿಸುವುದು ಸುಲಭ. ಮೊದಲು ಕೈಯಲ್ಲಿ ತೂಗಿ ನೋಡಿ. ಅದೇ ಗಾತ್ರದ ಬೇರೆ ಕಲ್ಲಿಗಿಂತ ಭಾರ. ಬಿಳಿ ಪಟ್ಟೆಗೆ ಚಾಕುವಿನಿಂದ ಗೀರು ಬೀಳದು. ಮುರಿದ ಟೈಲ್ಸಿನ ಹಿಂಬದಿಯ ಒರಟು ಮೈಮೇಲೆ ಕೆಂಪು-ಕಪ್ಪು ಪಟ್ಟೆಯನ್ನು ಉಜ್ಜಿ. ಕೆಮ್ಮಣ್ಣಿನ ಬಣ್ಣದ ಗೆರೆ ಬಂದರೆ ಹೆಮಟೈಟ್, ಕಪ್ಪು ಗೆರೆ ಬಂದು ಅಯಸ್ಕಾಂತಕ್ಕೂ ಅಂಟಿದರೆ ಮ್ಯಾಗ್ನೆಟೈಟ್. ಅಯಸ್ಕಾಂತ ಅಂಟಲಿಲ್ಲವೆಂದು ಕಬ್ಬಿಣವೇ ಇಲ್ಲ ಅನ್ನಬೇಡಿ. ಹೆಮಟೈಟ್ ಹೆಚ್ಚಾಗಿ ಅಂಟುವುದಿಲ್ಲ. ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣಿಗೆ ಕೆಂಪು ಕೊಟ್ಟದ್ದೂ ಇದೇ ಕಬ್ಬಿಣದ ತುಕ್ಕು.

ಗುಡ್ಡಕ್ಕೆ ಸಂಕಟ ತಂದದ್ದೂ ಈ ಒಡಲ ಸಂಪತ್ತೇ. ಅದಿರಿನ ಮೇಲೂ ಚಿನ್ನದ ಮೇಲೂ ಕಣ್ಣಿಟ್ಟವರಿದ್ದರು. 2015ರಲ್ಲಿ ಸಿಕ್ಕ ಸಂರಕ್ಷಣೆ 2016ರಲ್ಲಿ ಹಿಂದಕ್ಕೆ ಹೋಯಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಜೊತೆ ಜನ ಬೀದಿಗಿಳಿದರು. 2017ರಲ್ಲಿ ಸಂರಕ್ಷಣೆ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು.

ಆದ್ದರಿಂದ ಈ ಪರೀಕ್ಷೆಯೆಲ್ಲ ಹೊಲದ ಬದುವಿನ ಕಲ್ಲಿಗೆ, ಅದೂ ಹೊಲದವರನ್ನು ಕೇಳಿ. ಗುಡ್ಡದ ಕಲ್ಲನ್ನು ಕಣ್ತುಂಬ ನೋಡಿ, ಮಕ್ಕಳಿಗೆ ಅದರ ಕತೆ ಹೇಳಿ, ಇದ್ದಲ್ಲೇ ಬಿಟ್ಟು ಬನ್ನಿ. ನಮ್ಮ ಹುಡುಗಿಯೂ ತನ್ನ ಕಲ್ಲನ್ನು ಬದುವಿನಲ್ಲೇ ಇಟ್ಟಳು. "ಇರಲಿ ಬಿಡು ದೊಡ್ಡವ್ವಾ, ಮುಂದಿನ ಸಲ ಬಂದಾಗ ಮತ್ತ ನೋಡೂಣು" ಅಂದಳು.