ಲಾಲ್‌ಬಾಗಿನ ಪೊದೆಗಳೂ ನಮ್ಮ ಬಸದಿಯ ಅಂಗಳವೂ

ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಬಸದಿಯ ಹಿಂಭಾಗದಲ್ಲಿ ಕಣಗಿಲೆ, ನಂದಿಬಟ್ಟಲು, ದಾಸವಾಳಗಳ ಪೊದೆಗಳಿವೆ. ಅವನ್ನು ತೆಗೆಸಿ, ಕಲ್ಲು ಹಾಸಿ, ವಾಹನ ನಿಲ್ಲಿಸಲು ಸ್ಥಳ ಮಾಡಬೇಕೆಂಬ ಸಲಹೆ ಟ್ರಸ್ಟಿನ ಮುಂದಿದೆ. ಅಭಿಪ್ರಾಯ ತಿಳಿಸುವ ಮೊದಲು ಒಂದು ಬೆಳಿಗ್ಗೆ ಪೀಣ್ಯದಿಂದ ಮೆಟ್ರೋ ರೈಲಿನಲ್ಲಿ ಲಾಲ್‌ಬಾಗಿಗೆ ಹೋಗಿಬಂದೆನು.

1760ರಲ್ಲಿ ಹೈದರಾಲಿಯು ಆರಂಭಿಸಿದ ಈ ತೋಟವನ್ನು ಟಿಪ್ಪು ಸುಲ್ತಾನನು ಪರದೇಶದ ಸಸಿಗಳನ್ನು ತರಿಸಿ ಬೆಳೆಸಿದನು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಜಾತಿಯ ಹೂ ಮುಗಿಯುವಾಗ ಮತ್ತೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಒಬ್ಬರು ನೆಟ್ಟುದನ್ನು ಮತ್ತೊಬ್ಬರು ಕಾಪಾಡಿದ್ದರಿಂದಲೇ 240 ಎಕರೆಯ ಈ ಹಸಿರು ಇಂದಿಗೂ ನಮ್ಮ ಪಾಲಿಗೆ ಉಳಿದಿದೆ.

ದೊಡ್ಡ ಮರಗಳ ನೆರಳಿನ ಅಂಚಿನಲ್ಲಿ ಮಾಲಿಯೊಬ್ಬರು ಕೇಪಳದ ಪೊದೆಯನ್ನು ಸವರುತ್ತಿದ್ದರು. "ಜೀವಕ್ಕೆ ನೋವಲ್ಲವೇ?" ಎಂದೆನು. "ಹದವರಿತು ಸವರಿದರೆ ಚಿಗುರುತ್ತದೆ ಸ್ವಾಮಿ, ಬುಡ ಕಿತ್ತರೆ ಮುಗಿಯಿತು" ಎಂದರು. ನಮ್ಮ ಶಾಸ್ತ್ರಕಾರರು ಲೇಶ್ಯೆಗಳನ್ನು ವಿವರಿಸಲು ಹೇಳಿದ ನೇರಳೆ ಮರದ ದೃಷ್ಟಾಂತವು ನೆನಪಾಯಿತು. ಹಸಿದ ಆರು ಮಂದಿಯಲ್ಲಿ ಒಬ್ಬನು ಮರವನ್ನೇ ಬುಡಸಹಿತ ಕಡಿಯೋಣವೆಂದರೆ, ಕಡೆಯವನು ಉದುರಿದ ಹಣ್ಣು ಸಾಕೆನ್ನುತ್ತಾನೆ. ಹಸಿವು ಆರು ಮಂದಿಗೂ ಒಂದೇ. ಪರಿಣಾಮಗಳು ಮಾತ್ರ ಬೇರೆ. ಗೃಹಸ್ಥನಿಗೆ ಏಕೇಂದ್ರಿಯ ಜೀವಗಳ ಹಿಂಸೆಯನ್ನು ಪೂರ್ಣವಾಗಿ ತಪ್ಪಿಸುವುದು ಸಾಧ್ಯವಿಲ್ಲ. ಆದರೆ ಅಗತ್ಯವೆಷ್ಟು, ಅನುಕೂಲವೆಷ್ಟು ಎಂದು ಲೆಕ್ಕ ಹಾಕುವುದು ವ್ಯಾಪಾರಿಗೆ ಕಷ್ಟವಲ್ಲ.

ವಾಹನಗಳ ತೊಂದರೆ ಸುಳ್ಳಲ್ಲ. ಮೊಣಕಾಲು ನೋವಿನ ಹಿರಿಯರು ರಸ್ತೆಯ ಕೊನೆಯಿಂದ ನಡೆದು ಬರಲಾರರು. ಆದುದರಿಂದ ನನ್ನ ಸಲಹೆ ಇಷ್ಟು: ಬಾಗಿಲ ಬಳಿ ಹಿರಿಯರನ್ನು ಇಳಿಸುವಷ್ಟು ಜಾಗವನ್ನು ಮಾತ್ರ ಬಿಡಿಸೋಣ, ಅಲ್ಲಿಗೆ ಬಾಗಿದ ಕೊಂಬೆಗಳನ್ನು ಸವರಿದರೆ ಸಾಕು. ಭಾನುವಾರಗಳಲ್ಲಿ ಕಾರ್ಖಾನೆಗಳಿಗೆ ರಜೆ; ನನ್ನ ಗೋದಾಮಿನ ಅಂಗಳ ಖಾಲಿಯಿರುತ್ತದೆ. ಅದನ್ನು ವಾಹನಗಳಿಗೆ ಬಿಟ್ಟುಕೊಡಲು ಒಪ್ಪಿದ್ದೇನೆ. ಪರ್ವದಿನ ಕೆಲಸದ ದಿನವಾದರೆ, ಸರಕಿನ ಲಾರಿಗಳನ್ನು ಮಧ್ಯಾಹ್ನದ ನಂತರವೇ ತರಿಸಿಕೊಳ್ಳುವೆನು.

ಹಾಸಿದ ಕಲ್ಲನ್ನು ಒಂದು ವಾರದಲ್ಲಿ ಹಾಕಿಸಬಹುದು. ಇಪ್ಪತ್ತು ವರ್ಷದ ನಂದಿಬಟ್ಟಲನ್ನು ಯಾವ ದಾನಿಯೂ ಒಂದು ವಾರದಲ್ಲಿ ಕೊಡಿಸಲಾರನು. ಉಳಿದ ಬಸದಿಗಳ ಟ್ರಸ್ಟಿನವರೂ ಈ ಮಾತನ್ನು ಪರಾಂಬರಿಸಬೇಕೆಂದು ವಿನಂತಿಸುತ್ತೇನೆ.