ಹರಕೆ ಹೊತ್ತವರು

ಹೋದ ಮಳೆಗಾಲದಲ್ಲಿ ನನ್ನ ಮಗಳಿಗೆ ಡೆಂಗಿ ಜ್ವರ ಬಂದಿತು. ಆಸ್ಪತ್ರೆಗೆ ಸೇರಿಸಿದ ಮೂರನೆಯ ರಾತ್ರಿ ಪ್ಲೇಟ್‌ಲೆಟ್ ಎಣಿಕೆ ಇಳಿಯುತ್ತಲೇ ಹೋಯಿತು. ದೇವರ ವಿಚಾರದಲ್ಲಿ ನಾನು ಅತ್ತ ಆಸ್ತಿಕನೂ ಅಲ್ಲ, ಇತ್ತ ನಾಸ್ತಿಕನೂ ಅಲ್ಲ, ಮೇಷ್ಟರು. ಆದರೂ ಅಪರಾತ್ರಿಯಲ್ಲಿ, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತವನು, ಯಾರಿಗೂ ಕೇಳಿಸದಂತೆ, ‘ಉಚ್ಚಂಗೆಮ್ಮಾ, ಇವಳನ್ನು ಉಳಿಸಿಕೊಡು. ನಿನ್ನ ಬೆಟ್ಟಕ್ಕೆ ಕರೆತಂದು ಇವಳ ಮುಡಿ ಕೊಡಿಸುತ್ತೇನೆ’ ಎಂದುಬಿಟ್ಟೆ. ಅವ್ವನ ತವರು ಹರಪನಹಳ್ಳಿಯ ಕಡೆ. ಕಷ್ಟದಲ್ಲಿ ಬಾಯಿಗೆ ಬರುವ ದೇವರು ತಾಯಿಯ ಕಡೆಯದೇ ಇರಬೇಕು.

ಎರಡು ದಿನ ಕಳೆಯುವುದರೊಳಗೆ ಹುಡುಗಿ ಎದ್ದು ಕುಳಿತು ಇಡ್ಲಿ ಕೇಳಿದಳು. ಮನೆಗೆ ಬಂದ ಮೇಲೆ ಹರಕೆಯ ವಿಷಯ ತೆಗೆದೆ. ಹದಿನಾಲ್ಕು ವರ್ಷದವಳು, ಸೊಂಟಕ್ಕೆ ಇಳಿಯುವ ಜಡೆ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ‘ಅಪ್ಪಾ, ಹರಕೆ ಹೊತ್ತವನು ನೀನು. ಕೂದಲು ಮಾತ್ರ ನಂದಾ?’ ಎಂದಳು.

ನಾನು ನಕ್ಕೆ. ಆದರೆ ನಗು ಅರ್ಧಕ್ಕೇ ನಿಂತಿತು. ಇಂಥದೊಂದು ಸಂಗತಿಯನ್ನು ಆಸ್ಪತ್ರೆಯ ಆ ಬೆಂಚಿನ ಮೇಲೆಯೇ ಓದಿದ್ದೆನಲ್ಲ!

ಕನ್ನಡ ಗದ್ಯ ಬೆಳೆದ ಬಗೆಯನ್ನು ಪಾಠ ಮಾಡಬೇಕಾಗಿದ್ದುದರಿಂದ ಆಗ ನನ್ನ ಚೀಲದಲ್ಲಿ ಕನ್ನಡ ಬೈಬಲ್ ಇತ್ತು. ಇಡೀ ಬೈಬಲನ್ನು ಮೊದಲು ಕನ್ನಡಕ್ಕೆ ತಂದವರು ಬಳ್ಳಾರಿಯಲ್ಲಿದ್ದ ಪಾದ್ರಿ ಜಾನ್ ಹ್ಯಾಂಡ್ಸ್. ನಮ್ಮ ಹರಪನಹಳ್ಳಿಯೂ 1997ರವರೆಗೆ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಹಾಗೆ ನೋಡಿದರೆ ಇಸ್ರಾಯೇಲರೂ ನಮ್ಮ ನೆರೆಯವರೇ! ಅವರ ಹಳೆಯ ಚರಿತ್ರೆಯ ತುಂಬ ಯುದ್ಧ. ಗಿದ್ಯೋನನು 32,000 ಜನರನ್ನು ಕೂಡಿಸಿದರೆ, ದೇವರು ‘ಇಷ್ಟು ಮಂದಿ ಬೇಡ’ ಎಂದು ಕಳಿಸಿ ಕಳಿಸಿ 300 ಮಂದಿಯನ್ನಷ್ಟೇ ಉಳಿಸುತ್ತಾನೆ. ಅವರೇ ಗೆಲ್ಲುತ್ತಾರೆ. ಮತ್ತೊಮ್ಮೆ, ಫಿಲಿಷ್ಟಿಯರ ಕೈಲಿ ಸೋತ ಜನ ಶಿಲೋವಿನಿಂದ ದೇವರ ಮಂಜೂಷವನ್ನೇ ರಣರಂಗಕ್ಕೆ ಹೊತ್ತು ತರುತ್ತಾರೆ. ದೇವರೇ ಪಾಳೆಯಕ್ಕೆ ಬಂದ ಮೇಲೆ ಸೋಲೆಲ್ಲಿ? ಅಂದು 30,000 ಜನ ಬಿದ್ದರು. ಮಂಜೂಷವೂ ಶತ್ರುಗಳ ಪಾಲಾಯಿತು. ಸೋತದ್ದನ್ನೂ ಮುಚ್ಚಿಡದೆ ಬರೆದರಲ್ಲ, ಆ ಬರೆದವರ ಮೇಲೆ ನನಗೆ ಗೌರವ.

ನನ್ನ ನಗುವನ್ನು ನಿಲ್ಲಿಸಿದವನು ಮಾತ್ರ ಯೆಪ್ತಾಹ. ಅಮ್ಮೋನಿಯರ ಮೇಲೆ ಹೊರಟವನು ಹರಕೆ ಹೊತ್ತ: ಗೆದ್ದು ಬಂದರೆ, ನನ್ನನ್ನು ಎದುರುಗೊಳ್ಳಲು ಮನೆಯ ಬಾಗಿಲಿಂದ ಏನು ಬರುತ್ತದೋ ಅದನ್ನು ದೇವರಿಗೆ ಅರ್ಪಿಸುತ್ತೇನೆ. ಗೆದ್ದ. ಬಾಗಿಲಿಂದ ದಮ್ಮಡಿ ಬಡಿಯುತ್ತ, ಕುಣಿಯುತ್ತ ಬಂದವಳು ಅವನ ಒಬ್ಬಳೇ ಮಗಳು. ಅವನು ಬಟ್ಟೆ ಹರಿದುಕೊಂಡು, ನಿನ್ನಿಂದ ನನಗೆ ಎಂಥ ಸಂಕಟ ಬಂತೆಂದು ಅವಳಿಗೇ ಹೇಳುತ್ತಾನೆ! ಆ ಹುಡುಗಿ ಬೇಡಿದ್ದು ಎರಡು ತಿಂಗಳ ಅವಧಿ, ಗೆಳತಿಯರೊಡನೆ ಬೆಟ್ಟಗಳಲ್ಲಿ ತಿರುಗಿ ಅಳುವುದಕ್ಕೆ. ಈ ಕಥೆಯಲ್ಲಿ ಬೇಗ ಓದಿ ದಾಟಿಬಿಡಬಹುದಾದ ಒಂದು ಮಾತಿದೆ. ಅವನು ಹರಕೆ ಹೊರುವ ಮೊದಲೇ ದೇವರ ಆತ್ಮ ಅವನ ಮೇಲೆ ಬಂದಿತ್ತು. ನೆರವು ಆಗಲೇ ದೊರೆತಿತ್ತು. ನಂಬಲಾರದೆ ಚೌಕಾಸಿಗೆ ಇಳಿದ. ಅದೂ ಯಾರ ಗಂಟಿನಿಂದ?

ನಾನೂ ಅದನ್ನೇ ಮಾಡಿದ್ದೆ. ಅವನದು ಪ್ರಾಣ, ನನ್ನದು ಬರೀ ಕೂದಲು ಎನ್ನಬಹುದು. ಆದರೆ ಆ ರಾತ್ರಿ ದೇವಿ ಇನ್ನೂ ಹೆಚ್ಚಿಗೆ ಕೇಳಿದ್ದರೆ ನಾನು ಎಲ್ಲಿ ನಿಲ್ಲುತ್ತಿದ್ದೆನೋ!

ಮಾಗಿಯ ಒಂದು ಭಾನುವಾರ ಅವ್ವನನ್ನೂ ಮಗಳನ್ನೂ ಕರೆದುಕೊಂಡು ದಾವಣಗೆರೆಯಿಂದ ಬಸ್ಸು ಹತ್ತಿ ಉಚ್ಚಂಗಿದುರ್ಗಕ್ಕೆ ಹೋದೆ. ಮೆಟ್ಟಿಲು ಹತ್ತುವಾಗ ಎರಡು ಕಡೆಯೂ ಹಳೆಯ ಕೋಟೆಯ ಕಲ್ಲು. ಗಂಗರ ಮಾರಸಿಂಹ ನೊಳಂಬರಿಂದ ಗೆದ್ದುಕೊಂಡ ಕೋಟೆ ಇದು. ಇಲ್ಲಿ ರಾಜಾದಿತ್ಯನೊಡನೆ ಕಾದಿದ್ದಕ್ಕೇ ಚಾವುಂಡರಾಯನಿಗೆ ‘ರಣರಂಗಸಿಂಗ’ ಎಂಬ ಬಿರುದು ಬಂದದ್ದು. ಆ ಮಾರಸಿಂಹ 974ರಲ್ಲಿ ಬಂಕಾಪುರದಲ್ಲಿ ಸಲ್ಲೇಖನ ಮಾಡಿ ದೇಹ ಬಿಟ್ಟ. ಚಾವುಂಡರಾಯ ಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ. ಇಬ್ಬರೂ ಕೊನೆಗೆ ಕೊಟ್ಟದ್ದು ತಮ್ಮದನ್ನೇ. ಆಮೇಲೆ ಪಾಂಡ್ಯರ ಕಾಲ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಬೇಸತ್ತು ಬಿಟ್ಟುಹೋದ ದುರ್ಗವನ್ನು ಇಮ್ಮಡಿ ವೀರಬಲ್ಲಾಳ ಸಲೀಸಾಗಿ ಗೆದ್ದನಂತೆ. ಶರಣು ಬಂದ ಪಾಂಡ್ಯನಿಗೆ ರಾಜ್ಯವನ್ನು ಮರಳಿ ಕೊಟ್ಟನಂತೆ. ಹೊಯ್ಸಳರ ಶಾಸನದ ಮಾತು, ಗೆದ್ದವರು ಬರೆಸಿದ್ದು. ಹೊರಗೆ ಹನ್ನೆರಡು ವರ್ಷ ಕಾದವರಿಗೂ ದೇವರಿದ್ದ, ಒಳಗೆ ಕಾದವರಿಗೂ ದೇವರಿದ್ದ.

ಇದನ್ನೆಲ್ಲ ಮಗಳಿಗೆ ವಿವರಿಸುತ್ತಿದ್ದೆ. ಅವ್ವ ಒಂದು ಮೆಟ್ಟಿಲ ಮೇಲೆ ಕುಳಿತು ಏದುಸಿರು ಬಿಡುತ್ತ, ‘ರಾಜರ ಕಥಿ ಇರ್ಲಿ. ಬಡವರು ಇಲ್ಲಿ ಏನು ಕೊಟ್ಟಾರ ಗೊತ್ತೈತೇನು?’ ಎಂದಳು. ನನಗೆ ಗೊತ್ತಿತ್ತು. ಮನೆಯಲ್ಲಿ ಕಾಯಿಲೆಯೋ ಕಷ್ಟವೋ ಬಂದಾಗ ಹರಕೆ ಹೊತ್ತು, ಹೆಣ್ಣುಕೂಸಿಗೆ ಮುತ್ತು ಕಟ್ಟಿ ದೇವಿಗೆ ಬಿಡುತ್ತಿದ್ದ ಬೆಟ್ಟ ಇದು. ಬಳ್ಳಾರಿ ಆಗ ಸೇರಿದ್ದ ಮದರಾಸು ಪ್ರಾಂತ್ಯದಲ್ಲಿ 1947ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಕಾಯಿದೆ ಬಂದವು. ಎರಡು ಕಾಯಿದೆ ಬೇಕಾದುವೆಂದರೆ ಮೊದಲನೆಯದಕ್ಕೆ ಜನ ಎಷ್ಟು ಬೆಲೆ ಕೊಟ್ಟರೆಂದು ಊಹಿಸಬಹುದು. ‘ನನ್ನ ಜೊತಿ ಆಡಿದಾಕಿ ಒಬ್ಬಾಕಿ ಇದ್ದಳು’ ಎಂದಳು ಅವ್ವ. ಮುಂದೆ ಹೇಳಲಿಲ್ಲ. ಮೊಮ್ಮಗಳ ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ತಂದು ಒಮ್ಮೆ ಸವರಿದಳು.

ಕ್ಷೌರದವನು ಕತ್ತಿ ಮಸೆಯುತ್ತ, ‘ಯಾರದ್ರೀ, ಹುಡುಗೀದಾ?’ ಎಂದು ಕೇಳಿದ.

‘ಇವಂದು’ ಎಂದು ಅವ್ವ ನನ್ನ ಭುಜ ಒತ್ತಿ ಕೂರಿಸಿದಳು. ‘ಹೊತ್ತಾವ ಇವನು. ಕೂಸಿಂದು ಯಾಕ?’

ನಲವತ್ತಾರರ ನನ್ನ ತಲೆಯಲ್ಲಿ ಉಳಿದಿದ್ದುದೇ ಕಿವಿಯ ಸುತ್ತ ಒಂದಿಷ್ಟು. ‘ಅಪ್ಪಾ, ಇದು ದೇವಿಗೆ ಮೋಸ’ ಎಂದು ಮಗಳು ನಕ್ಕಳು. ಕ್ಷೌರದವನೂ ನಕ್ಕ; ದುಡ್ಡು ಮಾತ್ರ ಪೂರ್ತಿ ತೆಗೆದುಕೊಂಡ.

ಮರುದಿನ ಕಾಲೇಜಿಗೆ ಹೋದೆ. ನನ್ನನ್ನು ಕಂಡು ಸ್ಟಾಫ್ ರೂಮಿನಲ್ಲಿ ಮಾತು ನಿಂತಿತು. ಹಿರಿಯ ಸಹೋದ್ಯೋಗಿಯೊಬ್ಬರು ಕುರ್ಚಿಯಿಂದ ಎದ್ದು ಬಂದು, ನನ್ನ ಬೋಳುತಲೆಯನ್ನೇ ನೋಡುತ್ತ, ಮೆಲ್ಲನೆ, ‘ಮನೆಯಲ್ಲಿ... ಯಾರು?’ ಎಂದರು.

‘ಎಲ್ಲರೂ ಇದ್ದಾರೆ ಸಾರ್’ ಎಂದೆ.